ಮೀನಿಗೆ ಹಾಕಿದ ಪುರಿ

ಲೋ ಸಿದ್ದರಾಜು,

ಬಂಡೀಪುರ ಕಾಡಿನ ಗೇಟ್ ರಾತ್ರಿಗೆ ಹಾಕ್ಬುಟ್ರು, ಗೂಡಲೂರಲ್ಲೇ ಮಲಗ್ತೀನಿ ಅಂತ ನಿನ್ನೆ ಫೋನ್ ಮಾಡಿದೆಯಲ್ಲ, ಮೀನಿನ ಟ್ಯಾಂಕಿನ ಸಿಓಟು ಸಿಲಿಂಡರ್ ಆಫ್ ಮಾಡಕ್ಕ ಅನ್ನೋಕೆ ಬಾಯಿಗೇನು ರೋಗ ಬಂದಿತ್ತು? ಲೈಟ್ ಆರಿದ ಮೇಲೆ ಟ್ಯಾಂಕಿನೊಳಗಿನ ಗಿಡಕ್ಕೆ ಆ ಗ್ಯಾಸ್ ಬೇಡ, ಬಿಟ್ಟರೆ ಮೀನಿಗೆ ಉಸಿರು ಕಟ್ಟುತ್ತೆ ಅಂತ ನನಗೆ ಪಾಠ ಹೇಳಿದವನು ನೀನೇ.

ಬೆಳಿಗ್ಗೆ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ದೇವಸ್ಥಾನದ ಕೊಳದ ಮೀನಿನ ಹಾಗೆ ಹಸಿದು ಬಂದಿವೆ ಅಂದ್ಕೊಂಡು ಅವ್ವ ಮಂಚದಿಂದಲೇ ಕೈ ಚಾಚಿ ಪುರಿ ಹಾಕ್ತಿದ್ದಾಳೆ! "ನೋಡಮ್ಮಿ, ಇವಕ್ಕೆ ನನ್ನ ಗುರ್ತು ಸಿಕ್ಬುಡ್ತು" ಅಂತ ನಕ್ಕಳು. ಲಕ್ವ ಹೊಡೆದ ಮೇಲೆ ನಕ್ಕಿದ್ದು ಇದೇ ಮೊದಲು ಕಣೋ. ನಾನು ಗ್ಯಾಸ್ ನಿಲ್ಲಿಸಿ ಅರ್ಧ ನೀರು ಬದಲಾಯಿಸಿದೆ. ಎಲ್ಲಾ ಬದುಕಿವೆ, ನಿನ್ನ ಪುಣ್ಯ.

ತೆರಕಣಾಂಬಿ ಬಸ್ಸಿಗೆ ಓಡ್ತಿದ್ದೀನಿ. ನೀನು ಮನೆಗೆ ಬಂದ ತಕ್ಷಣ ನೆಂದ ಪುರಿಯನ್ನೆಲ್ಲ ಬಲೆ ಹಾಕಿ ತೆಗಿ. ತಾನಾಗೇ ಆಫ್ ಆಗೋ ಟೈಮರ್ ಜೋಡಿಸೋವರೆಗೂ ಆ ಸಿಲಿಂಡರ್ ಮುಟ್ಟಿದರೆ ಕೈ ಮುರೀತೀನಿ.

ಮೀನು ಯಾಕೆ ನನ್ನ ಹತ್ರ ಬರ್ತಿಲ್ಲ ಅಂತ ಅವ್ವ ಕೇಳ್ತಾಳೆ. ಹೊಟ್ಟೆ ತುಂಬೈತೆ ಕಣವ್ವ, ನೀನೇ ಹಾಕಿದ್ದೆಯಲ್ಲ ಅನ್ನು. ನಿಜ ಬಾಯಿಬಿಟ್ಟೆಯೋ, ನೋಡ್ಕೋತೀನಿ.

ಭವ್ಯಕ್ಕ