ಪ್ಲೇಟಿನಿಂದ ಹೋದ ದನಿ

ಬಿಳೇಕಹಳ್ಳಿ,
9 ಜೂನ್ 2025, ಸೋಮವಾರ

ಪ್ರೀತಿಯ ಶಿವರಾಮನಿಗೆ ನಿನ್ನ ಅತ್ತಿಗೆಯ ಆಶೀರ್ವಾದ.

ಹೇಗಿದ್ದೀಯಪ್ಪಾ? ಯಲ್ಲಮ್ಮನ ಮಂಡಿನೋವು ಇಳೀತಾ? ಸುಬ್ರಹ್ಮಣ್ಯಪುರದಲ್ಲಿ ನೀರು ಸರಿಯಾಗಿ ಬರ್ತಿದೆಯಾ? ಈ ಮನೆ ನಂಬರು ಕಂಡ್ರೆ ನೀನು ಫೋನು ಎತ್ತಲ್ಲ, ಅದಕ್ಕೇ ಕಾಗದ. ನಿನ್ನ ಒಂದನೇ ಕ್ಲಾಸಿನ ಪುಸ್ತಕ ಇಟ್ಕೊಂಡು ಅಕ್ಷರ ಕಲಿತೋಳು ನಾನು, ತಪ್ಪಿದ್ರೆ ಸರಿಮಾಡ್ಕೊಂಡು ಓದು.

ನನಗೆ ನಿಂತಲ್ಲಿ ನಿಲ್ಲೋಕಾಗ್ತಿಲ್ಲ, ಕೂತಲ್ಲಿ ಕೂರೋಕಾಗ್ತಿಲ್ಲ. ಯುಗಾದಿ ದಿನ ನೀನು ಕಾಫಿ ಕುಡಿಯದೆ ಎದ್ದುಹೋದಾಗಿನಿಂದ ನಿಮ್ಮಣ್ಣ ಆ ಗ್ರಾಮಫೋನ್ ಪ್ಲೇಟನ್ನೇ ಹಾಕ್ತಾ ಕೂತಿದ್ದಾರೆ. ಅದೇ, ಮಹಡಿ ಮೇಲೆ ಬಾಡಿಗೆಗಿದ್ದ ಬದರಿನಾಥ ಮೇಷ್ಟ್ರು ಮನೆ ಖಾಲಿ ಮಾಡುವಾಗ ಕೊಟ್ಟುಹೋದ ಇಂಗ್ಲಿಷ್ ಹಾಡಿನ ಪ್ಲೇಟು. ಒಬ್ಬ ಹಾಡುಗಾರ, ಅವನ ಹಿಂದೆ ಮೂವತ್ತು ಜನರ ಬ್ಯಾಂಡು. ಒಂದು ಮಾತೂ ಅರ್ಥವಾಗದಿದ್ರೂ ನಾವು ಮೂವರೂ ಅವನಿಗೆ ಸೋತಿದ್ವಲ್ಲ! ಕಾಂಪೌಂಡಿನ ಮೇಲೆ ಮೊಣಕೈ ಊರಿ ಮಾತಾಡೋನ ಹಾಗೆ ಹಾಡೋನು. ತಾಳ ಮುಂದೆ ಹೋದ್ರೂ ಆತುರವಿಲ್ಲ, ನಿಧಾನಕ್ಕೆ ಬಂದು ಸರಿಯಾಗಿ ಸೇರ್ಕೊಳ್ಳೋನು. "ಬಸ್ಸು ತಪ್ಪಿಸ್ಕೊಂಡ ಅನ್ಕೊಂಡೆ, ಫುಟ್‌ಬೋರ್ಡು ಹಿಡಿದೇಬಿಟ್ಟ ನೋಡೇ!" ಅಂತ ನಿಮ್ಮಣ್ಣ ತೊಡೆ ತಟ್ಟೋರು. ಆಮೇಲೆ ಟ್ರಂಪೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಕೂಗೋವು.

ಈಗ ಟ್ರಂಪೆಟ್ಟುಗಳಷ್ಟೇ ಇವೆಯಂತೆ, ಹಾಡುಗಾರ ಇಲ್ಲವಂತೆ. "ಶಿವರಾಮ ತಗೊಂಡುಹೋಗಿ ಅವನ ಹೊಸ ಮೆಷಿನ್ನಿನ ಮುಳ್ಳಲ್ಲಿ ಕೆರೆದು ದನೀನೇ ಅಳಿಸಿಹಾಕಿದ" ಅಂತ ಅವತ್ತು ನಿನಗೆ ಅಂದಿದ್ದನ್ನೇ ದಿನಾ ಅಂತಾರೆ. ಸೌಂಡು ಏರಿಸ್ತಾರೆ, ಮುಳ್ಳು ಒರೆಸ್ತಾರೆ, ಮತ್ತೆ ಹಾಕ್ತಾರೆ. ಪಕ್ಕದ್ಮನೆ ಧೃತಿ ಬಂದು "ಆಂಟಿ, ಆಫೀಸ್ ಕಾಲ್ ಇದೆ, ಪ್ಲೀಸ್" ಅಂತ ಕೈಮುಗಿದು ಹೋದಳು.

ಮೊನ್ನೆ ಅವರು ಕ್ಷೌರಕ್ಕೆ ಹೋದಾಗ ಹೆದರ್ತಾ ಹೆದರ್ತಾ ನಾನೇ ಪ್ಲೇಟು ಹಾಕ್ದೆ. ಹಾಡುಗಾರ ಇದ್ದಾನೆ ಕಣೋ ಶಿವರಾಮ! ಅವನು ಉಸಿರು ಎಳ್ಕೊಳ್ಳೋದೂ ಕೇಳಿಸ್ತು. ಅಡುಗೆಮನೆಯಿಂದ ಕೂಗಿದ್ರೆ ಓ ಅನ್ನಲ್ಲ, ವಯಸ್ಸಾದ ಮೇಲೆ ಧಿಮಾಕು ಜಾಸ್ತಿ ಅಂತ ಎರಡು ವರ್ಷದಿಂದ ಬೈಕೊಂಡು ಬಂದಿದ್ದೀನಲ್ಲ, ಅದು ಧಿಮಾಕಲ್ಲ, ಕಿವಿ ಅಂತ ಆಗ ಹೊಳೀತು. ನಿನ್ನೆ ರಸ್ತೆ ದಾಟುವಾಗ ಸ್ಕೂಟರಿನವನು "ಅಂಕಲ್, ಸೈಡು!" ಅಂತ ಕಿರುಚ್ಕೊಂಡ್ರೂ ತಿರುಗಲಿಲ್ಲ. ಅಂಗಿ ಹಿಡಿದು ಎಳ್ಕೊಂಡೆ, ಗುಂಡಿ ಕಿತ್ತು ಬಂತು. ನನ್ನನ್ನೇ ಬೈದ್ರು. ಕಿವಿ ಡಾಕ್ಟರ ಹೆಸರೆತ್ತಿದ್ರೆ, "ಕೆಟ್ಟಿರೋದು ಪ್ಲೇಟು, ರಿಪೇರಿಗೆ ನನ್ನನ್ನ ಕಳಿಸ್ತೀಯಾ?" ಅಂತಾರೆ.

ಅವರ ಮಾತು ಮನಸ್ಸಲ್ಲಿ ಇಟ್ಕೋಬೇಡ. ಯಲ್ಲಮ್ಮಂಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಎಲ್ಲರೂ ತಣ್ಣಗಿರಿ.

ನಿನ್ನ ಅತ್ತಿಗೆ,
ಮುನಿವೆಂಕಟಮ್ಮ

ಬರೆಯೋದು ಮರೆತೆ: ಜಯನಗರದ ಕಿವಿ ಡಾಕ್ಟರ ಹತ್ರ ಹದಿನಾರನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಎರಡು ಟೋಕನ್ ತಗೊಂಡಿದ್ದೀನಿ, ಮೊದಲನೇದು ನಿನ್ನ ಹೆಸರಲ್ಲಿ. ನಿನಗೇ ಕಿವಿ ಗುಂಯ್ ಅಂತಿದೆ, ಒಬ್ಬನೇ ಹೋಗೋಕೆ ಭಯ ಅಂತ ಬಂದು ಹೇಳು. ಎಷ್ಟೇ ಕೋಪ ಇದ್ರೂ ನಿನ್ನನ್ನ ಒಬ್ಬನೇ ಆಸ್ಪತ್ರೆಗೆ ಕಳಿಸೋ ಅಣ್ಣ ಅಲ್ಲ ಅವರು. ಬಾಗಿಲಲ್ಲಿ ನಿಂತು ಹೇಳಬೇಡ, ಹತ್ರ ಬಂದು, ಮುಖ ನೋಡ್ಕೊಂಡು, ಗಟ್ಟಿಯಾಗಿ ಹೇಳು.