ಈ ಕಡೆ ಅಂದ್ರೆ ಯಾರ ಕಡೆ

ಹೊಲಿಗೆ ತರಗತಿ, ಮಹಡಿ ಕೋಣೆ
ಹದಿನೇಳನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಂಗಿ,

ಹೇಗಿದ್ದೀಯ? ಕತ್ತುನೋವಂತೆ, ಕಡಿಮೆಯಾಯಿತೇ? ದಿನವಿಡೀ ಬಗ್ಗಿ ನಿಂತು ಬೇರೆಯವರು ಹೊಲಿದ ಕಾಲರ್‌ಗಳಲ್ಲಿ ತಪ್ಪು ಹುಡುಕುವ ಕೆಲಸ ಹಿಡಿದರೆ ಕತ್ತು ನೋಯದೆ ಇನ್ನೇನಾಗುತ್ತದೆ? ಆ ಕಾರ್ಖಾನೆಯಲ್ಲಿ ಕೂರಲು ಒಂದು ಸ್ಟೂಲನ್ನಾದರೂ ಕೊಡಲಿ ಎಂದು ಬಾಯಿಬಿಟ್ಟು ಕೇಳು. ನನ್ನ ಹತ್ತಿರ ಮಾತ್ರ ನಿನಗೆ ಬಾಯಿ, ಬೇರೆಯವರ ಮುಂದೆ ಮೂಗಿ. ನನ್ನ ಮಂಡಿ ಮೊದಲಿನಂತೆಯೇ ಇದೆ, ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗಲೂ ಬೈಯುತ್ತದೆ. ಮಗ ಸೊಸೆ ಚೆನ್ನಾಗಿದ್ದಾರೆ.

ಈ ಕಾಲದಲ್ಲಿ ಕಾಗದ ಬರೆಯುವ ಮುದುಕಿ ಯಾರು ಎಂದು ನಗಬೇಡ. ತಿಂಗಳಿಂದ ನಿನಗೆ ಮೆಸೇಜು ಕಳಿಸಿದ್ದೇ ಕಳಿಸಿದ್ದು. ಒಂದಕ್ಕೂ ಉತ್ತರವಿಲ್ಲ. ಫೋನು ಕೆಟ್ಟಿದೆಯೇನೋ ಎಂದು ಸೊಸೆಯ ಕೈಗೆ ಕೊಟ್ಟರೆ ಅವಳು ನೋಡಿ, “ಅತ್ತೆ, ಒಂದೇ ಟಿಕ್ ಇದೆ. ಚಿಕ್ಕತ್ತೆ ನಿಮ್ಮನ್ನ ಬ್ಲಾಕ್ ಮಾಡಿರ್ಬೇಕು” ಎಂದಳು. ಎಷ್ಟು ಸಲೀಸಾಗಿ ಹೇಳಿದಳು ಗೊತ್ತೇ, ಹಾಲು ಉಕ್ಕಿತು ಎಂದ ಹಾಗೆ! ನೀನು ಹುಟ್ಟಿದಾಗ ನಿನ್ನನ್ನು ಎತ್ತಿಕೊಂಡು ಬೀದಿಯೆಲ್ಲ ತೋರಿಸಿದವಳು ನಾನು, ನನಗೆ ಒಂದು ಟಿಕ್ಕು! ಸೊಸೆಯ ಫೋನಿನಿಂದ ಹೇಳಿಸಬಹುದಿತ್ತು. ಆದರೆ ಅಕ್ಕತಂಗಿಯರ ಜಗಳವನ್ನು ಸೊಸೆಯ ಬಾಯಿಗೆ ಹಾಕುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಂಚೆಯವನನ್ನು ಬ್ಲಾಕ್ ಮಾಡಲು ನಿನಗೆ ಇನ್ನೂ ಬರುವುದಿಲ್ಲ ತಾನೇ?

ಸುದ್ದಿಗೆ ಬರುತ್ತೇನೆ. ನೀನು ಇಲ್ಲಿ ಕಲಿಸುವುದು ಬಿಟ್ಟು ಹೋದ ಮೇಲೆ ಈ ಮೂರು ವರ್ಷದಲ್ಲಿ ತರಗತಿ ಸೊರಗಿದೆ. ಒಂದು ಕಾಲದಲ್ಲಿ ಮಷೀನಿಗೆ ಪಾಳಿ ಹಚ್ಚಿ ನಿಲ್ಲುತ್ತಿದ್ದರು, ಈಗ ನಾಲ್ಕೇ ಜನ. ಹನ್ನೊಂದು ಮಷೀನು ಬಟ್ಟೆ ಹೊದ್ದು ಮಲಗಿವೆ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಹನ್ನೆರಡು ಜನರಾದರೂ ಸೇರದಿದ್ದರೆ ಈ ಕೋಣೆಯನ್ನು ವ್ಯಾಯಾಮ ಕಲಿಸುವವನಿಗೆ ಕೊಡುತ್ತೇವೆ ಎಂದು ಸಂಘದ ಕಾರ್ಯದರ್ಶಿಯಮ್ಮ ಹೇಳಿಬಿಟ್ಟಿದ್ದಾಳೆ. ನಮ್ಮ ಹತ್ತಿರವೇ ಗುಂಡಿ ಹಚ್ಚುವುದನ್ನು ಕಲಿತವಳು! ಮೂವತ್ತೊಂದು ವರ್ಷ ಕಲಿಸಿದ ಕೋಣೆಯಲ್ಲಿ ಯಾರೋ ಕಬ್ಬಿಣ ಎತ್ತಿ ಇಳಿಸುವುದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಎಲ್ಲರೂ ಫೋನಿನಲ್ಲೇ ಕಲಿಯುತ್ತಾರೆ, ಫೋನಿನಲ್ಲೇ ಹುಡುಕುತ್ತಾರೆ, ನಾವೂ ಅಲ್ಲೇ ಇರಬೇಕು ಎಂದು ಸೊಸೆ ಹಿಂದೆ ಬಿದ್ದಳು. ಮೊದಲು ಹಳಬರನ್ನೂ ಸೇರಿಸಿ ಒಂದು ಗ್ರೂಪು. “ತೋಳು ಕೂರಿಸುವಾಗ ಭುಜದ ಹತ್ತಿರ ಸುಕ್ಕು ಯಾಕೆ ಬರುತ್ತದೆ?” ಎಂದು ಮನೆಪಾಠ ಹಾಕಿದೆ. ಉತ್ತರವಾಗಿ ಬಂದದ್ದು ಹನ್ನೊಂದು ಹೆಬ್ಬೆರಳು, ಎರಡು ಕೈಮುಗಿತ, ಒಂದು ಹೂಗುಚ್ಛ. ಸುಕ್ಕಿಗೂ ಹೂಗುಚ್ಛಕ್ಕೂ ಏನು ಸಂಬಂಧ ಹೇಳು! ಆಮೇಲೆ ರೀಲು. “ಅತ್ತೆ, ಮೊದಲ ಮೂರು ಸೆಕೆಂಡಲ್ಲಿ ಜನ ನಿಲ್ಬೇಕು, ಇಲ್ಲಾಂದ್ರೆ ಮುಂದಕ್ಕೆ ತಳ್ಳಿಬಿಡ್ತಾರೆ” ಎಂದಳು. ಮೂರು ಸೆಕೆಂಡಿನಲ್ಲಿ ನನಗೆ ಸೂಜಿಯ ಕಣ್ಣೇ ಕಾಣುವುದಿಲ್ಲ. ಕೈಯಲ್ಲಿ ಟೇಪು ಹಿಡಿದು, ಹಲ್ಲು ಕಿರಿದು, ಹಾಡಿಗೆ ತಲೆ ಆಡಿಸಿ ಅಂದಳು. ಆಡಿಸಿದೆ. ಐವತ್ತೆಂಟರ ವಯಸ್ಸಿನಲ್ಲಿ ಕೋಲೆಬಸವನ ಹಾಗೆ ತಲೆ ಆಡಿಸಿದರೆ ನೋಡಿದವರು ಹತ್ತೊಂಬತ್ತು ಜನ, ಅದರಲ್ಲಿ ಏಳು ಸಲ ನೋಡಿದವಳು ನಾನೇ.

ಕಡೆಗೆ, ಕುಣಿತ ಸಾಕು, ಬಂದ ವಿದ್ಯೆಯನ್ನೇ ತೋರಿಸುತ್ತೇನೆ ಎಂದು ಹಟ ಹಿಡಿದು ಒಂದು ಪೂರ್ತಿ ಪಾಠದ ವಿಡಿಯೊ ಮಾಡಿಸಿದೆ. ಗಂಡಸರ ಅಂಗಿ, ಕತ್ತರಿಸುವುದರಿಂದ ಹಿಡಿದು ಜೇಬು, ಗುಂಡಿ, ಕಾಜದವರೆಗೆ. ಹಿಂದಿನ ಬೋರ್ಡು ಹಳತಾಗಿದೆ, ಚೆನ್ನಾಗಿ ಕಾಣುವುದಿಲ್ಲ ಎಂದು ಸೊಸೆ ಅದರ ಮೇಲೆ ಪರದೆ ಎಳೆದಳು. ನನ್ನ ಕೈ ಎಲ್ಲಿ ಬೀಳುತ್ತಿದೆ ಎಂದು ಕಾಣದೆ ನಾನು ಕತ್ತರಿ ಹಿಡಿಯುವವಳಲ್ಲ. ಅದಕ್ಕೇ ಫೋನನ್ನು ತಿರುಗಿಸಿ, ನನ್ನ ಮುಖ ನನಗೇ ಕಾಣುವ ಮುಂದಿನ ಕ್ಯಾಮೆರಾದಲ್ಲೇ ತೆಗೆಯಬೇಕು ಎಂದೆ. “ಬೇಡ ಅತ್ತೆ” ಎಂದು ಅವಳು ಒಂದು ಸಲ ಹೇಳಿದ್ದು ನಿಜ. ನನಗೆ ಹೇಳುವುದಾದರೆ ಎರಡು ಸಲ ಹೇಳಬೇಕು ಎಂದು ಈ ಮನೆಗೆ ಬಂದು ನಾಲ್ಕು ವರ್ಷವಾದರೂ ಅವಳಿಗೆ ಗೊತ್ತಿಲ್ಲ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿಕೊಟ್ಟೆ. ಬೊಂಬೆಗೆ ಅಂಗಿ ತೊಡಿಸಿ “ಜೇಬು ಈ ಕಡೆ, ಕಾಜ ಈ ಕಡೆ, ಗುಂಡಿ ಆ ಕಡೆ” ಎಂದು ಮುಟ್ಟಿ ಮುಟ್ಟಿ ತೋರಿಸಿದೆ. ನೋಡಿದವರು ಸಾವಿರ ದಾಟಿದರು. ಹಿಗ್ಗಿ ಹೀರೇಕಾಯಿ ಆದೆ. ನಾಲ್ಕನೇ ದಿನದಿಂದ ಜನ ತಾವು ಹೊಲಿದ ಅಂಗಿಯ ಫೋಟೊ ಗ್ರೂಪಿಗೆ ಕಳಿಸತೊಡಗಿದರು. ಒಂದಲ್ಲ ಎರಡಲ್ಲ, ಇಪ್ಪತ್ಮೂರು ಅಂಗಿ. ಅಷ್ಟರಲ್ಲೂ ಜೇಬು ಬಲ ಎದೆಗೆ! ಗುಂಡಿ ಎಡಕ್ಕೆ, ಕಾಜ ಬಲಕ್ಕೆ, ಹೆಂಗಸರ ಅಂಗಿಯ ಹಾಗೆ! ಒಬ್ಬಳಂತೂ ಗಂಡನಿಗೆ ತೊಡಿಸಿ ನಿಲ್ಲಿಸಿದ್ದಳು. ಆ ಮಹಾರಾಯ ಜೇಬು ಹುಡುಕುತ್ತಾ ಎಡ ಎದೆ ಮುಟ್ಟಿಕೊಂಡು ನಗುತ್ತಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ನಾನು ಸುಮ್ಮನಿರುತ್ತೇನೆಯೇ? “ಎಡ ಯಾವುದು ಬಲ ಯಾವುದು ಅಂತ ನಿಮಗೆ ಒಂದನೇ ಕ್ಲಾಸಲ್ಲಿ ಹೇಳಿಕೊಡ್ಲಿಲ್ವಾ?” ಎಂದು ಶುರುಮಾಡಿ ನಾಲ್ಕು ನಿಮಿಷ ಬೈದು ಗ್ರೂಪಿಗೆ ಕಳಿಸಿದೆ. ಯಾರೋ ಒಬ್ಬಳು ಬಹಳ ಮರ್ಯಾದೆಯಿಂದ ಬರೆದಳು, “ಮೇಡಂ, ನೀವೇ ಈ ಕಡೆ ಅಂತ ಬಲಗಡೆ ತೋರಿಸಿದ್ರಿ.” ಸೊಸೆ ವಿಡಿಯೊ ಹಾಕಿ ನೋಡಿ ತಲೆಯ ಮೇಲೆ ಕೈ ಹೊತ್ತಳು. ಆ ಮುಂದಿನ ಕ್ಯಾಮೆರಾ ಕನ್ನಡಿಯಂತೆ. ಎಡವನ್ನು ಬಲ ಮಾಡುತ್ತದೆ, ಬಲವನ್ನು ಎಡ. ಬೋರ್ಡಿನ ಅಕ್ಷರ ಕಂಡಿದ್ದರೆ ತಿರುವುಮುರುವಾಗಿದ್ದು ಗೊತ್ತಾಗುತ್ತಿತ್ತು, ಅದರ ಮೇಲೆ ಪರದೆ. ಎಡ, ಬಲ ಎಂಬ ಮಾತನ್ನು ನಾನು ಆಡಿದ್ದರೆ ಕೇಳಿದವರಾದರೂ ಎಚ್ಚರವಾಗುತ್ತಿದ್ದರು. ನಾನು ವಿಡಿಯೊ ಪೂರ್ತಿ ಈ ಕಡೆ, ಆ ಕಡೆ.

ನೀನು ಹದಿನಾರು ವರ್ಷದವಳಿದ್ದಾಗ ಇದೇ ಮೇಜಿನ ಎದುರು ನಿಂತು ಕೇಳಿದ್ದೆ, “ಅಕ್ಕಾ, ಈ ಕಡೆ ಅಂದ್ರೆ ಯಾರ ಕಡೆ? ನಿನ್ನ ಕಡೆನಾ, ನನ್ನ ಕಡೆನಾ?” ಅಧಿಕಪ್ರಸಂಗ ಎಂದು ತಲೆಗೆ ಮೊಟಕಿದ್ದೆ. ಆಗಲೇ ಉತ್ತರ ಕೊಟ್ಟಿದ್ದರೆ ಇವತ್ತು ಇಪ್ಪತ್ಮೂರು ಅಂಗಿ ಉಳಿಯುತ್ತಿತ್ತು.

ಇಷ್ಟಾದರೆ ಅವಮಾನ ನುಂಗಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ವಿಡಿಯೊದ ಕೆಳಗೆ ಬೇರೆಯೇ ಜನ ಬಂದು ಬರೆಯತೊಡಗಿದರು. “ಮೇಡಂ, ನೀವೂ ನಮ್ಮವರೇ!” “ಎಡಗೈಯಲ್ಲಿ ಇಷ್ಟು ಚಂದ ಕತ್ತರಿಸೋದನ್ನ ಮೊದಲ ಸಲ ನೋಡಿದ್ದು.” “ನನಗೆ ಯಾರೂ ಕಲಿಸಲ್ಲ ಅಂದಿದ್ರು, ನಿಮ್ಮನ್ನ ನೋಡಿ ಒಂದೇ ದಿನಕ್ಕೆ ಬಂತು.” ಕನ್ನಡಿಯಲ್ಲಿ ನಾನು ಎಡಗೈಯವಳಾಗಿದ್ದೆ, ನೋಡು. ಎಡಗೈ ಮೇಡಂ ಎಂದು ಹೆಸರೇ ಬಿದ್ದುಹೋಯಿತು. ಮೊನ್ನೆ ದಾರದ ಅಂಗಡಿಯವನೂ “ಏನ್ ಎಡಗೈ ಮೇಡಂ, ಬಿಳಿ ದಾರನಾ ಕಪ್ಪು ದಾರನಾ?” ಎಂದ. ಅವನನ್ನು ಚೂರು ಚೂರು ಮಾಡಿಬಿಡೋಣ ಎನ್ನಿಸಿತು. ಹತ್ತು ಹೆಜ್ಜೆ ಬಂದ ಮೇಲೆ, ನಿನ್ನನ್ನು ಇಪ್ಪತ್ತಾರು ವರ್ಷ ಎಲ್ಲರೆದುರು “ಎಡಚಿ” ಎಂದು ಕರೆದದ್ದು ನೆನಪಾಯಿತು.

ಒಂಟಿಯಾಗಿ ಕೂತು ಆ ವಿಡಿಯೊ ಮತ್ತೆ ನೋಡಿದೆ. ಶಬ್ದ ತೆಗೆದು ನೋಡಿದರೆ ಅಲ್ಲಿರುವುದು ನಾನಲ್ಲ ಕಣೇ, ನೀನು. ಅದೇ ಬಗ್ಗುವಿಕೆ, ಕತ್ತರಿಸುವಾಗ ಅದೇ ಕಚ್ಚಿದ ತುಟಿ, ಎಡಗೈಯಲ್ಲಿ ಕತ್ತರಿ. ನನಗೆ ಅಳು ಬಂತು. ಯಾರೂ ನೋಡಲಿಲ್ಲ, ಅದಕ್ಕೇ ನಿನಗೆ ಬರೆದು ಹೇಳುತ್ತಿದ್ದೇನೆ.

ಆಮೇಲೆ ಬಾಗಿಲು ಹಾಕಿಕೊಂಡು ನಾನೇ ನಮ್ಮ ದೊಡ್ಡ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ನೋಡಿದೆ. ಬಟ್ಟೆ ಇಲಿ ಕಡಿದ ಹಾಗಾಯಿತು. ಹೆಬ್ಬೆರಳಿನ ಬುಡ ಕೆಂಪಾಯಿತು. ಅದಲ್ಲ ವಿಷಯ. ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಸೀಮೆಸುಣ್ಣದ ಗೆರೆಯನ್ನೇ ಮುಚ್ಚಿಬಿಡುತ್ತದೆ! ಗೆರೆಯೇ ಕಾಣುವುದಿಲ್ಲ! ಇಪ್ಪತ್ತಾರು ವರ್ಷ ನೀನು ಗೆರೆ ಕಾಣದೆಯೇ ಕತ್ತರಿಸಿದೆಯಾ? ಅಷ್ಟು ನೇರವಾಗಿ? ನನಗೆ ಯಾಕೆ ಹೇಳಲಿಲ್ಲ? ನೀನು ಹೇಳಿದ್ದೆ, ನೆನಪಿದೆ. ಎಡಗೈಯವರಿಗೆ ಬೇರೆ ಕತ್ತರಿ ಸಿಗುತ್ತದಂತೆ ಎಂದು ಒಂದು ದಿನ ಹೇಳಿದ್ದೆ. “ನಿನಗೋಸ್ಕರ ಕತ್ತರಿ ಬೇರೆ ಹುಟ್ಟಬೇಕಾ?” ಎಂದು ನಾನು ನಕ್ಕಿದ್ದೆ. ಕೊನೆಯ ದಿನವೂ ಹಾಗೆಯೇ. ಕಲಿಯುವವರ ಎದುರೇ ನಿನ್ನ ಕೈಯಿಂದ ಕತ್ತರಿ ಕಿತ್ತುಕೊಂಡು, ಇವಳನ್ನು ನೋಡಿದರೆ ನಿಮ್ಮ ಕೈಯೂ ಕೆಡುತ್ತದೆ ಎಂದಿದ್ದೆ. ನೀನು ಕುತ್ತಿಗೆಯ ಟೇಪು ತೆಗೆದು ಮಡಚಿ ಮೇಜಿನ ಮೇಲಿಟ್ಟು ಹೋದೆ. ಆ ಟೇಪು ಇನ್ನೂ ಅಲ್ಲೇ ಇದೆ, ಅದರಲ್ಲಿ ನಾನು ಏನನ್ನೂ ಅಳೆದಿಲ್ಲ.

ತಪ್ಪು ನನ್ನದು. ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು, ಅದಕ್ಕೂ ಸಿಟ್ಟಿದೆ. ನಿನ್ನ ಮೇಲೆ, ಫೋನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಆರೋಗ್ಯ ನೋಡಿಕೋ. ಹೊತ್ತು ಹೊತ್ತಿಗೆ ತಿನ್ನು, ಹಸಿವಿಲ್ಲ ಎಂಬ ನೆಪ ಬೇಡ. ಕತ್ತಿಗೆ ಬಿಸಿನೀರಿನ ಶಾಖ ಕೊಡು. ಮಗ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ. ಸೊಸೆಯ ನಮಸ್ಕಾರ. ನೂರು ಕಾಲ ಚೆನ್ನಾಗಿರು, ನನ್ನ ಮೇಲೆ ಕೋಪ ಮಾಡಿಕೊಂಡಾದರೂ ಚೆನ್ನಾಗಿರು.

ನಿನ್ನ
ಬಾಯಿಬಡುಕಿ ಅಕ್ಕ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. “ಎಡಗೈಯವರಿಗೆ ತರಗತಿ ಇದೆಯಾ?” ಎಂದು ವಿಡಿಯೊದ ಕೆಳಗೆ ಕೇಳಿದ್ದರು. ನಾನು “ಇದೆ, ಒಂದನೇ ತಾರೀಖಿನಿಂದ” ಎಂದು ಹಾಕಿದೆ. ಬೆರಳು ತಪ್ಪಿ ಒತ್ತಿತು ಎಂದು ಸೊಸೆಗೆ ಹೇಳಿದ್ದೇನೆ. ನಿನಗೆ ಸುಳ್ಳು ಹೇಳಲಾರೆ, ಗೊತ್ತಿದ್ದೇ ಒತ್ತಿದೆ. ಹದಿನಾಲ್ಕು ಜನ ಹೆಸರು ಬರೆಸಿದ್ದಾರೆ. ಅವರಿಗೆ ಬೇಕಾದ ಎಡಗೈ ಮೇಡಂ ನಾನಲ್ಲ. ಎಡಗೈಯ ಕತ್ತರಿ ತರಿಸಿದ್ದೇನೆ, ಮಡಚಿಟ್ಟ ಟೇಪಿನ ಪಕ್ಕದಲ್ಲಿಟ್ಟಿದ್ದೇನೆ, ಯಾರಿಗೂ ಮುಟ್ಟಲು ಕೊಟ್ಟಿಲ್ಲ. ಸಾಕು, ಈ ಕಡೆ ಬಾ. ಈ ಕಡೆ ಅಂದ್ರೆ ಯಾರ ಕಡೆ ಅಂತ ಕೇಳ್ತೀಯ, ಗೊತ್ತು. ಮೇಜಿನ ನಿನ್ನ ಕಡೆ. ನಾನು ಎದುರಿಗೆ ನಿಂತು ಕಲಿಯುತ್ತೇನೆ.