ಅಮ್ಮನ ಹಸಿರು ಬಳೆ

17 ನವೆಂಬರ್ 2025, ಸೋಮವಾರ. ತರೀಕೆರೆ

ತಪ್ಪು ನನ್ನದೇ. ಅಪ್ಪ ಸತ್ತಾಗ ಅತ್ತೆಯರು ಒಡೆದುಹಾಕಿದ ಅಮ್ಮನ ಬಳೆಗಳ ಚೂರುಗಳನ್ನು ಎರಡು ವರ್ಷ ಡಬ್ಬಿಯಲ್ಲಿಟ್ಟಿದ್ದೆ. ಕರಗಿಸಿ ಒಂದು ಪುಟ್ಟ ತಟ್ಟೆ ಮಾಡಿಕೊಡುವ ಆಸೆ.

ಭಟ್ಟಿಯೊಳಗೆ ಗಾಜಿಡುವ ಸುಟ್ಟಮಣ್ಣಿನ ಹಲಗೆ ನಡುಮಧ್ಯ ಇರಬೇಕು, ಸುತ್ತ ಜಾಗ ಬಿಡಬೇಕು; ಎಲ್ಲ ಕಡೆ ಒಂದೇ ಸಮ ಆರದಿದ್ದರೆ ಗಾಜು ಸೀಳುತ್ತದೆ. ನನ್ನ ಹತ್ತಿರ ಗಾಜಿನ ಕೆಲಸ ಕಲಿಯಲು ಬರುವವರಿಗೆಲ್ಲ ಇದನ್ನು ಹೇಳುವವಳು ನಾನೇ. ನಿನ್ನೆ ಅಮ್ಮ, “ಕರಗೋದು ನಾನೂ ನೋಡ್ಬೇಕು ಕಣೇ” ಅಂದಳು. ಭಟ್ಟಿಯ ಬಾಗಿಲ ಕಿಂಡಿಯಿಂದ ಅವಳಿಗೆ ಕಾಣಲೆಂದು ಹಲಗೆಯನ್ನು ಬಾಗಿಲ ಹತ್ತಿರಕ್ಕೆ ಎಳೆದಿಟ್ಟೆ.

ಬಾಗಿಲ ಕಡೆಯ ಗಾಜು ಬೇಗ ಆರಿಬಿಟ್ಟಿದೆ. ಇವತ್ತು ತೆಗೆದಾಗ ತಟ್ಟೆ ಮೂರು ಹೋಳು.

ಮತ್ತೆ ಕರಗಿಸುತ್ತೇನೆ ಅಂದೆ. ಅಮ್ಮ ಹೋಳುಗಳನ್ನು ಸೆರಗಿಗೆ ಹಾಕಿಕೊಂಡಳು.

“ಸಾಕ್ ಬಿಡ್ರೇ. ಎಲ್ರೂ ಸೇರಿ ಇನ್ನೆಷ್ಟ್ ಸಲ ಒಡೀತೀರ?”

ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ.